ಪಶ್ಚಿಮಕ್ಕೆ ಹಳ್ಳ
ಗಾಂಧಿನಗರದ ಹಳೇ ಕಟ್ಟಡವೊಂದರ ಎರಡನೇ ಮಹಡಿ. ಬೆಳಿಗ್ಗೆ ಒಂಬತ್ತೂವರೆ. ಕೆಳಗೆ ಮೆಜೆಸ್ಟಿಕ್ ಕಡೆ ನುಗ್ಗುವ ಬಸ್ಸುಗಳ ಹಾರ್ನು, ಒಳಗೆ ಝೆರಾಕ್ಸ್ ಮೆಷಿನ್ನಿನ ಸದ್ದು. ವಕೀಲರ ಮೇಜಿನ ಮೇಲೆ 1968ರ ಕ್ರಯಪತ್ರ ಬಿಚ್ಚಿಕೊಂಡಿದೆ. ಶಾಯಿ ಕಂದಿದೆ, ಛಾಪಾಕಾಗದ ಮಡಿಕೆ ಮಡಿಕೆಗೂ ಹರಿದಿದೆ. ಅವರ ಬೆರಳು ಸಾಲಿಂದ ಸಾಲಿಗೆ ಇಳಿಯುತ್ತ ಚೆಕ್ಕುಬಂದಿಗೆ ಬಂದು ನಿಲ್ಲುತ್ತದೆ. ಪಶ್ಚಿಮಕ್ಕೆ ಹಳ್ಳ. ಅದರಡಿ ಪೆನ್ಸಿಲ್ ಗೆರೆ.

ಎದುರು ಕೂತ ದಂಪತಿ ಸರ್ಜಾಪುರ ರಸ್ತೆಯ ಕಡೆ ಫ್ಲ್ಯಾಟ್ ಕೊಳ್ಳಲು ಹೊರಟವರು. "ರೇರಾ ನಂಬರ್ ಇದೆ, ಬ್ಯಾಂಕಿನವರೂ ಲೋನ್ ಕೊಡ್ತೀವಿ ಅಂದಿದ್ದಾರೆ. ಇನ್ನೇನು ನೋಡೋದು ಮೇಡಂ?"

"ಜಮೀನು ಯಾರದ್ದು ಅಂತ ನೋಡೋದು."

ಕಡತ ತಿರುವುತ್ತಾರೆ. 1968ರಲ್ಲಿ ಕೊಂಡ ಯಜಮಾನರು ಉಯಿಲು ಬರೆಯದೆ ತೀರಿಕೊಂಡರು. 2011ರಲ್ಲಿ ಇಬ್ಬರು ಗಂಡುಮಕ್ಕಳು ಮಾರಿದರು. ವಂಶವೃಕ್ಷದಲ್ಲಿ ಒಬ್ಬ ಮಗಳೂ ಇದ್ದಾಳೆ. 2011ರ ಕ್ರಯಪತ್ರದಲ್ಲಿ ಅವಳ ಸಹಿ ಇಲ್ಲ. ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ. ಆದರೂ ಮದುವೆಯಾಗಿ ಹೋದವಳೆಂದು ಬಿಟ್ಟುಬಿಡುತ್ತಾರೆ. ಬೆಂಗಳೂರಿನ ಸುತ್ತ ಎಷ್ಟೋ ವಿಭಾಗ ದಾವೆಗಳ ಬೇರು ಇಲ್ಲೇ ಇದೆ.

ಸೀನಿಯರ್ ಒಬ್ಬರ ಕೈಕೆಳಗೆ ಇವರು ಕೆಲಸ ಕಲಿತದ್ದು ತೊಂಬತ್ತರ ದಶಕದಲ್ಲಿ. ಆಗ ಋಣಭಾರ ಪತ್ರ (ಇ.ಸಿ.) ಬೇಕೆಂದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೈಬರಹದ ಸೂಚಿ ಪುಸ್ತಕಗಳನ್ನು ತಿರುವಿ ಹಾಕಬೇಕಿತ್ತು. ಈಗ ಆನ್‌ಲೈನಿನಲ್ಲೇ ಪಹಣಿ ‘ಭೂಮಿ’ ತಾಣದಲ್ಲಿ, ಇ.ಸಿ. ‘ಕಾವೇರಿ’ ತಾಣದಲ್ಲಿ ಸಿಗುತ್ತದೆ. ಆದರೆ ಹಳ್ಳ ಎಲ್ಲಿ ಹರಿಯುತ್ತಿತ್ತು ಎಂದು ತಿಳಿಯಲು ಗ್ರಾಮ ನಕಾಶೆ ಹಿಡಿದು ನೆಲದ ಮೇಲೆ ನಡೆಯಲೇಬೇಕು.

ಮಧ್ಯಾಹ್ನ ಎರಡರ ಬಿಸಿಲು. ಅರ್ಧಕ್ಕೆ ಎದ್ದ ಪಿಲ್ಲರುಗಳ ತುದಿಯಲ್ಲಿ ಕಂಬಿಗಳು ಬಿಟ್ಟಂತೇ ಇವೆ. ಸಿಮೆಂಟಿನ ಧೂಳು ಗಂಟಲಿಗೆ ಹತ್ತುತ್ತದೆ. ಸೀರೆಯ ನೆರಿಗೆ ಎತ್ತಿ ಹಿಡಿದು ವಕೀಲರು ಪಶ್ಚಿಮದ ಕಾಂಪೌಂಡಿನತ್ತ ನಡೆಯುತ್ತಾರೆ; ಹಿಂದೆ ಸರ್ವೆಯರ್, ಟೇಪು ಹಿಡಿದ ಹುಡುಗ. ಗೋಡೆಯ ಬುಡದಲ್ಲಿ ಇಟ್ಟಿಗೆ ಚೂರು, ಒಡೆದ ಟೈಲ್ಸು, ಕೆಂಪು ಮಣ್ಣು. ಒಂದು ಕಡೆ ಮಾತ್ರ ಆಪು ಹುಲ್ಲು ಹಸಿರಾಗಿ ಎದ್ದಿದೆ. ಅವರು ಬಗ್ಗಿ ಮಣ್ಣು ಕೆದಕುತ್ತಾರೆ. ತೇವ.

ಕುರಿ ಹೊಡೆದುಕೊಂಡು ಬಂದ ಅಜ್ಜ ನಿಂತು ನೋಡುತ್ತಾನೆ. "ಇಲ್ಲಿ ಹಳ್ಳ ಇತ್ತಾ ತಾತ?"

"ಇತ್ತು ಕಣಮ್ಮ. ಮಳೆಗಾಲದಾಗೆ ಮಂಡಿಯುದ್ದ ನೀರು ಬರೋದು. ಮಣ್ಣು ಹೊಡಿಸಿ ಮುಚ್ಚವ್ರೆ."

ಸರ್ವೆಯರ್ ನಕಾಶೆ ಹರಡುತ್ತಾನೆ. ಹಳ್ಳ ಬಿ ಖರಾಬಿನಲ್ಲಿ ಬರುತ್ತದೆ, ಎಂದರೆ ಸರ್ಕಾರದ್ದು. ಕಾಂಪೌಂಡ್ ಅದರೊಳಗೇ ನಿಂತಿದೆ. ನಾಳೆ ತೆರವಿನ ನೋಟಿಸ್ ಬಂದರೆ, ಮಳೆನೀರು ಬೇಸ್‌ಮೆಂಟಿಗೆ ನುಗ್ಗಿದರೆ, ಅನುಭವಿಸುವವರು ಸಾಲ ಮಾಡಿ ಮನೆ ಕೊಂಡವರು. ಆಮೇಲೆ ಪರಿಹಾರ ಸಿಗುವುದಿಲ್ಲವೆಂದಲ್ಲ. ಮನೆ ಕೊಡುವುದು ತಡವಾದರೆ ಬಡ್ಡಿ ಸಮೇತ ಹಣ ವಾಪಸು ಕೇಳಲು ರೇರಾ ಕಾಯ್ದೆಯ 18ನೇ ಕಲಮು ಇದೆ. ಆದರೆ ಆದೇಶ ಬಂದಮೇಲೂ ಬಿಲ್ಡರ್ ಕೊಡದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಿಸಬೇಕು. ತಹಶೀಲ್ದಾರ್ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ಕಕ್ಷಿದಾರರನ್ನು ಇವರು ಬಲ್ಲರು. ಅದಕ್ಕೇ ಇವರಿಗೆ ವಾದ ಗೆದ್ದ ದಿನಕ್ಕಿಂತ ಸಹಿ ತಡೆದ ದಿನ ದೊಡ್ಡದು. ಪತ್ರಿಕೆಯಲ್ಲಿ ಬಾರದ ಆ ಕೆಲಸಕ್ಕೆ ನಾನು ಕೈಮುಗಿಯುತ್ತೇನೆ.

ಕಾರಿನಲ್ಲಿ ಜೂನಿಯರ್‌ಗೆ ಅಭಿಪ್ರಾಯ ಹೇಳಿ ಬರೆಸುತ್ತಾರೆ: ಮಗಳಿಂದ ನೋಂದಾಯಿತ ದೃಢೀಕರಣ ಪತ್ರ ಆಗಬೇಕು, ಹದ್ದುಬಸ್ತು ಆಗಬೇಕು, ಹಳ್ಳದ ಜಾಗ ಬಿಟ್ಟು ನಕ್ಷೆ ಬದಲಾಗಬೇಕು, ಅಲ್ಲಿಯವರೆಗೆ ದುಡ್ಡು ಕಟ್ಟಬಾರದು. ಅಷ್ಟರಲ್ಲಿ ಆ ದಂಪತಿಯ ಫೋನು. ಮಾರಾಟದ ಕರಾರು ಆಮೇಲೆ ಮಾಡೋಣ, ಮೊದಲು ಶೇ. 20ರಷ್ಟು ಕಟ್ಟಿ ಎಂದು ಬಿಲ್ಡರ್ ಕಡೆಯವರು ಒತ್ತಾಯ ಮಾಡುತ್ತಿದ್ದಾರಂತೆ.

"ಕರಾರು ನೋಂದಣಿ ಆಗೋ ಮುಂಚೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಕೇಳೋ ಹಾಗೇ ಇಲ್ಲಮ್ಮ. ನೀವು ಆ ಹತ್ತನ್ನೂ ಕಟ್ಟಬೇಡಿ. ಬುಕಿಂಗ್ ಫಾರ್ಮಿಗೆ ಏನಾದ್ರೂ ಸಹಿ ಹಾಕಿದ್ದೀರಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಾಕಿದ್ದಾರೆ.

"ಸರಿ, ಗಾಬರಿ ಬೇಡ. ನಾಳೆ ಹತ್ತು ಗಂಟೆಗೆ ಅದನ್ನೂ ರಸೀದಿಯನ್ನೂ ತಗೊಂಡು ಬನ್ನಿ. ವಾಪಸು ಕೇಳಿ ನೋಟಿಸ್ ಕಳಿಸೋಣ."