ಮಗಳ ಉಸಿರು

ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಅಪ್ಪಣೆಯಾದಾಗ ನಮ್ಮ ಬೋರ್ಡಿಂಗಿನ ದಿನಗಳನ್ನು ಕುರಿತು ಬರೆಯಲು ಕುಳಿತೆನು. ಆದರೆ ಲೇಖನಿಯು ನನ್ನ ತಪ್ಪೊಂದರ ಕಡೆಗೇ ತಿರುಗಿತು. ತಾಯಂದಿರಾದ ನನ್ನ ಹಳೆಯ ಗೆಳತಿಯರಿಗೆ ಪ್ರಯೋಜನವಾದೀತೆಂದು ಅದನ್ನೇ ಅರಿಕೆಮಾಡುತ್ತೇನೆ.

ನನ್ನ ಕಿರಿಯ ಮಗಳು ಲಕ್ಷ್ಮೇಶ್ವರದ ನಮ್ಮ ಮನೆಯಂಗಳದಲ್ಲಿ ಜಿಂಕೆಯಂತೆ ಓಡುತ್ತಿದ್ದವಳು. ಹತ್ತು ವರ್ಷ ದಾಟಿದ ಮೇಲೆ ಅವಳ ಕಾಲು ಸೋಲತೊಡಗಿದವು. ಮುಂಡರಗಿಯಲ್ಲಿ ನಡೆದ 400 ಮೀಟರ್ ಓಟದಲ್ಲಿ ಅರ್ಧದವರೆಗೆ ಮುಂದಿದ್ದವಳು, ಕಡೆಗೆ ಏದುತ್ತ ಎಲ್ಲರ ಹಿಂದೆ ಬಂದಳು. ಬೆಳಿಗ್ಗೆ ಎಬ್ಬಿಸಿದರೆ ತಲೆನೋವು. ಪಾಠಕ್ಕೆ ಕುಳಿತರೆ ತೂಕಡಿಕೆ. ನಾನು ಅದನ್ನು ಸೋಮಾರಿತನವೆಂದೆನು. ಗದಗಿನ ಸುನೀಲ ಜೋಶಿಯವರು ಬಾಲ್ಯದಲ್ಲಿ ದಿನವೂ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸಮಾಡಿ ಶಾಲೆಯ ಹೊತ್ತಿಗೆ ಹಿಂದಿರುಗುತ್ತಿದ್ದರೆಂದೂ, ಅವರೇ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದವರಿಗೆ ಕೇವಲ 6 ರನ್ ಕೊಟ್ಟು 5 ವಿಕೆಟ್ ಕಿತ್ತರೆಂದೂ ಹೇಳಿ ಹೇಳಿ ಆ ಕೂಸನ್ನು ನಾಚಿಸಿದೆನು. ಪಾಪ, ಅವಳು ಒಂದು ತಾಸು ಮೊದಲೇ ಏಳತೊಡಗಿದಳು, ಮತ್ತಷ್ಟು ಸೊರಗಿದಳು.

ರಾತ್ರಿ ಅವಳು ಗೊರಕೆ ಹೊಡೆಯುವುದನ್ನು ನಾವೆಲ್ಲರೂ ಬಲ್ಲೆವು. ಅಜ್ಜನ ಗೊರಕೆ ಮೊಮ್ಮಗಳಿಗೆ ಬಂದಿದೆಯೆಂದು ನಗುತ್ತಿದ್ದೆವು. ಶಿರಹಟ್ಟಿಯಿಂದ ಬಂದಿದ್ದ ನನ್ನ ಅಕ್ಕ ಒಂದು ರಾತ್ರಿ ಅವಳ ಮಗ್ಗುಲಲ್ಲಿ ಮಲಗಿ, ನನ್ನನ್ನೆಬ್ಬಿಸಿ, "ತಂಗೀ, ಕೂಸಿನ ಉಸುರು ನಡುನಡುವ ನಿಂತಹೋಗ್ತದ, ನೋಡೀಯೇನ?" ಎಂದಳು. ಆ ರಾತ್ರಿಯೆಲ್ಲ ಕಿವಿಗೊಟ್ಟು ಕುಳಿತೆನು. ಗೊರಕೆ, ನಿಶ್ಶಬ್ದ, ಆಮೇಲೆ ನೀರಿನಿಂದ ತಲೆಯೆತ್ತಿದವಳಂತೆ ಒಂದು ಬಿಕ್ಕು.

ಟಾನ್ಸಿಲುಗಳೂ ಮೂಗಿನ ಹಿಂಬದಿಯ ಅಡಿನಾಯ್ಡ್ ಗ್ರಂಥಿಯೂ ದೊಡ್ಡದಾಗಿ ಉಸಿರಿನ ದಾರಿಯನ್ನು ಇಕ್ಕಟ್ಟುಮಾಡಿವೆಯೆಂದು ಹುಬ್ಬಳ್ಳಿಯ ಡಾಕ್ಟರರು ತಿಳಿಸಿದರು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಾಗುವುದರಿಂದ ಆ ದಾರಿ ಮುಚ್ಚುವುದು. ರಕ್ತದಲ್ಲಿ ಪ್ರಾಣವಾಯು ಇಳಿಯಲು ಮಿದುಳು ಬೆಚ್ಚಿ ಎಚ್ಚರಗೊಳಿಸುವುದು. ಒಂದೇ ರಾತ್ರಿಯಲ್ಲಿ ಹೀಗೆ ಹಲವು ಸಲ. ದಣಿದ ದೇಹವು ಸುಧಾರಿಸಿಕೊಳ್ಳುವುದೂ, ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದೂ ಗಾಢನಿದ್ರೆಯಲ್ಲಿ. ಅವಳಿಗೆ ಅದೇ ತುಂಡುತುಂಡಾಗಿತ್ತು. ಮೈದಾನಕ್ಕಿಳಿಯುವ ಮೊದಲೇ, ಹಿಂದಿನ ರಾತ್ರಿಯೇ, ಅವಳು ಸೋತಿರುತ್ತಿದ್ದಳು.

ದಪ್ಪ ಕುತ್ತಿಗೆಯ ಪೈಲವಾನರಿಗೂ ಈ ಕಾಟ ಉಂಟು. ಆದರೂ ಗೊರಕೆಯನ್ನು ಬಲದ ಗುರುತೆಂದು ಮೆಚ್ಚುವವರಿದ್ದಾರೆ! ದೊಡ್ಡವರಿಗೆ, ಆಸ್ಟ್ರೇಲಿಯದ ಸಲಿವನ್ ಎಂಬ ವೈದ್ಯರು 1981ರಲ್ಲಿ ಪ್ರಕಟಿಸಿದ ಉಪಾಯದಂತೆ, ಮೂಗಿನ ಮೂಲಕ ಗಾಳಿಯನ್ನು ಒತ್ತಿ ಹಾಯಿಸುವ ಯಂತ್ರವಿದೆ. ನನ್ನ ಮಗಳಿಗೆ ಶಸ್ತ್ರಚಿಕಿತ್ಸೆಯಾಯಿತು.

ಮೂರು ವಾರಗಳ ತರುವಾಯ ಒಂದು ರಾತ್ರಿ ಮನೆಯಲ್ಲಿ ಸದ್ದೇ ಇರಲಿಲ್ಲ. ಗಾಬರಿಯಿಂದೆದ್ದು ಅವಳ ಮೂಗಿನ ಬಳಿ ಕೈಹಿಡಿದು ನೋಡಿದೆನು. ಬಾಯಿ ಮುಚ್ಚಿ ಮಲಗಿದ್ದಳು, ಉಸಿರು ಬೆಚ್ಚಗಿತ್ತು. ಅವಳಿನ್ನೂ ಪ್ರಥಮ ಬಹುಮಾನ ಪಡೆದಿಲ್ಲ. ಕಳೆದ ಓಟದಲ್ಲಿ ಮೂರನೆಯವಳಾದಳು. ಜೋಶಿಯವರ ಕಥೆಯನ್ನು ನಾನು ಮತ್ತೆ ಹೇಳಿಲ್ಲ.