ಬಿಯರಿನ ಪ್ರವಾಹ ಹರಿದ ಬೀದಿ

ಲಂಡನ್ನಿನ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ಸುರಂಗ ರೈಲು ನಿಲ್ದಾಣದಿಂದ ಮೇಲೇರಿ ಬಂದವರಿಗೆ ಮೊದಲು ಕಾಣುವ ಕಟ್ಟಡಗಳಲ್ಲಿ ಡೊಮಿನಿಯನ್ ರಂಗಮಂದಿರ ಒಂದು. 1929ರಲ್ಲಿ ಬಾಗಿಲು ತೆರೆದ ಈ ಮಂದಿರದ ಮುಂದೆ ಟಿಕೇಟಿಗಾಗಿ ನಿಂತವರಲ್ಲಿ, ಈ ನೆಲದಲ್ಲಿ ಒಮ್ಮೆ ಬಿಯರಿನ ನೆರೆ ಉಕ್ಕಿ ಎಂಟು ಜೀವಗಳನ್ನು ಬಲಿತೆಗೆದುಕೊಂಡಿತೆಂಬುದನ್ನು ಬಲ್ಲವರು ವಿರಳ.

ಇದರ ಬೆನ್ನಿಗಿದ್ದದ್ದು ಸೇಂಟ್ ಜೈಲ್ಸ್ ಎಂಬ ಬಡವರ ಕೇರಿ. ಚಿತ್ರಕಾರ ವಿಲಿಯಂ ಹೊಗಾರ್ತ್ 1751ರಲ್ಲಿ ಜಿನ್ ಕುಡಿತದ ಅನಾಹುತವನ್ನು ಚಿತ್ರಿಸಲು ಆರಿಸಿಕೊಂಡದ್ದು ಇದೇ ಪ್ರದೇಶವನ್ನು. ಅದರ ಜೊತೆಚಿತ್ರದಲ್ಲಿ ಅವನು ಬಿಯರನ್ನು ಆರೋಗ್ಯದ, ದುಡಿಮೆಯ ಪಾನೀಯವೆಂದು ಹೊಗಳಿದನು. ಅರುವತ್ತಮೂರು ವರ್ಷಗಳ ಬಳಿಕ ಅದೇ ಕೇರಿಗೆ ಮೃತ್ಯು ಬಂದದ್ದು ಆ ಬಿಯರಿನ ರೂಪದಲ್ಲಿಯೇ.

ಇಂದಿನ ರಂಗಮಂದಿರದ ನಿವೇಶನದಲ್ಲಿ ಆಗ ಹಾರ್ಸ್ ಶೂ ಎಂಬ ಬಿಯರ್ ಕಾರ್ಖಾನೆಯಿತ್ತು. ಅಲ್ಲಿ ತಯಾರಾಗುತ್ತಿದ್ದುದು ಪೋರ್ಟರ್ ಎಂಬ ಕಪ್ಪು ಬಿಯರ್; ಲಂಡನ್ನಿನ ಹಮಾಲರಿಗೆ ಪ್ರಿಯವಾದುದರಿಂದ ಅವರ ಹೆಸರೇ ಅದಕ್ಕೆ ಅಂಟಿಕೊಂಡಿತು. ತಿಂಗಳುಗಟ್ಟಲೆ ಹಳೆಯದಾಗಲು ಅದನ್ನು ಕಬ್ಬಿಣದ ಪಟ್ಟಿಗಳಿಂದ ಬಿಗಿದ ಬೃಹತ್ ಮರದ ಪೀಪಾಯಿಗಳಲ್ಲಿ ತುಂಬಿಡುತ್ತಿದ್ದರು. ಅವುಗಳಲ್ಲೊಂದರ ಎತ್ತರ 22 ಅಡಿ; ಅದರಲ್ಲಿದ್ದ ಬಿಯರ್ ಐದು ಲಕ್ಷ ಲೀಟರಿಗೂ ಮಿಕ್ಕಿದ್ದು.

1814ರ ಅಕ್ಟೋಬರ್ 17ರ ಸಂಜೆ ನಾಲ್ಕೂವರೆಗೆ, ಮುನ್ನೂರು ಕಿಲೋಗ್ರಾಮಿಗೂ ಹೆಚ್ಚು ಭಾರದ ಒಂದು ಪಟ್ಟಿ ಜಾರಿಬಿದ್ದುದನ್ನು ಉಗ್ರಾಣದ ಗುಮಾಸ್ತ ಕಂಡನು. ವರ್ಷಕ್ಕೆ ಎರಡು ಮೂರು ಬಾರಿ ಹೀಗಾಗುವುದು ವಾಡಿಕೆ. ಅಪಾಯವೇನಿಲ್ಲ, ದುರಸ್ತಿಗೆ ಪಾಲುದಾರರೊಬ್ಬರಿಗೆ ಚೀಟಿ ಬರೆ ಎಂದು ಮೇಲಿನವರು ಸೂಚಿಸಿದರು. ಒಂದು ಗಂಟೆಯ ಬಳಿಕ ಪೀಪಾಯಿ ಒಡೆದಾಗ ಆ ಚೀಟಿ ಇನ್ನೂ ಅವನ ಕೈಯಲ್ಲಿಯೇ ಇತ್ತು.

ಹಿಂಬದಿಯ ಇಟ್ಟಿಗೆಗೋಡೆಯನ್ನು ಉರುಳಿಸಿ ಬಿಯರ್ ನ್ಯೂ ಸ್ಟ್ರೀಟಿಗೆ ನುಗ್ಗಿತು. ಒಂದು ಮನೆಯಲ್ಲಿ ತಾಯಿಯೊಡನೆ ಚಹಾಕ್ಕೆ ಕುಳಿತಿದ್ದ ನಾಲ್ಕು ವರ್ಷದ ಹುಡುಗಿ ತೀರಿಕೊಂಡಳು. ಇನ್ನೊಂದು ಮನೆಯ ನೆಲಮಾಳಿಗೆಯಲ್ಲಿ ಐರಿಷ್ ಕುಟುಂಬವೊಂದು ಎರಡು ವರ್ಷದ ಮಗುವಿನ ಶವವನ್ನು ಕಾಯುತ್ತಿತ್ತು. ಆ ಮಗುವಿನ ತಾಯಿಯೂ ಜೊತೆಗಿದ್ದ ನಾಲ್ವರೂ ಅಲ್ಲಿಯೇ ಅಸುನೀಗಿದರು. ಒಟ್ಟು ಸತ್ತ ಎಂಟು ಮಂದಿಯೂ ಹೆಂಗಸರು ಮತ್ತು ಮಕ್ಕಳೇ.

ಜನರು ಪಾತ್ರೆ ಹಿಡಿದು ಬಂದು ಬೀದಿಯ ಬಿಯರನ್ನು ಮೊಗೆದು ಕುಡಿದರು, ಕುಡಿತದಿಂದಲೇ ಒಬ್ಬ ಸತ್ತ ಎಂಬ ಕಥೆ ಇಂದಿಗೂ ಪ್ರಚಲಿತ. ಅಂದಿನ ಪತ್ರಿಕೆಗಳಲ್ಲಿ ಇದಕ್ಕೆ ಸಾಕ್ಷ್ಯವಿಲ್ಲ. ಐರಿಷ್ ವಲಸಿಗರನ್ನು ಹಳಿಯಲು ಸದಾ ಸಿದ್ಧವಾಗಿದ್ದ ಆ ಪತ್ರಿಕೆಗಳು ಇಂಥದೊಂದು ಸಂಗತಿ ನಡೆದಿದ್ದರೆ ಸುಮ್ಮನಿರುತ್ತಿರಲಿಲ್ಲ. ಬಡವರು ಸತ್ತ ಬಳಿಕವೂ ಅವರ ಮೇಲೆ ಹೊರಿಸಿದ ಅಪವಾದವಿದು.

ಎರಡು ದಿನಗಳ ತರುವಾಯ ಪ್ಯಾರಿಷ್‌ನ ವರ್ಕ್‌ಹೌಸ್‌ನಲ್ಲಿ ಮರಣ ವಿಚಾರಣೆ ನಡೆಯಿತು. ಇದು ಆಕಸ್ಮಿಕ, ದುರದೃಷ್ಟದಿಂದಾದ ಸಾವು ಎಂದು ಪಂಚರು ತೀರ್ಮಾನಿಸಿದರು. ಪರಿಹಾರದ ಹೊಣೆ ಕಾರ್ಖಾನೆಯ ಮೇಲೆ ಬೀಳಲಿಲ್ಲ. ನೊಂದ ಮನೆಗಳಿಗೆ ಒದಗಿದ್ದು ಶವ ನೋಡಲು ಬಂದವರು ಹಾಕಿದ ಚಿಲ್ಲರೆ ಕಾಸು. ಕಾರ್ಖಾನೆಗೆ ಮಾತ್ರ, ಚೆಲ್ಲಿಹೋದ ಬಿಯರಿನ ಮೇಲೆ ತೆತ್ತಿದ್ದ ಅಬಕಾರಿ ಸುಂಕದ ಬಾಬ್ತು ಸುಮಾರು 7,250 ಪೌಂಡು ಮರಳಿ ದೊರೆಯಿತು. ಬಿಯರಿಗೆ ಬೆಲೆ ಕಟ್ಟಲು ಕಾನೂನಿಗೆ ತಿಳಿದಿತ್ತು. ಎಂಟು ಜೀವಗಳಿಗೆ ಕಟ್ಟಲು ತಿಳಿಯಲಿಲ್ಲ.

ಕಾನೂನಿನ ನಡಿಗೆ ನಿಧಾನ. ಅಪಾಯಕಾರಿ ವಸ್ತುವನ್ನು ತನ್ನ ನೆಲದಲ್ಲಿ ಕೂಡಿಟ್ಟವನು, ಅದು ಹೊರನುಗ್ಗಿ ಮಾಡಿದ ಹಾನಿಗೆ ಹೊಣೆ ಎಂಬ ತತ್ತ್ವವನ್ನು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಎತ್ತಿಹಿಡಿದದ್ದು 1868ರಲ್ಲಿ, ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಪ್ರಕರಣದಲ್ಲಿ. ಅದರಲ್ಲಿಯೂ ದೈವಿಕ ಆಕಸ್ಮಿಕವೆಂಬ ವಿನಾಯಿತಿಗೆ ಎಡೆಯಿತ್ತು. ಅಪಾಯಕಾರಿ ಉದ್ದಿಮೆಗಳಿಗೆ ಅಂತಹ ಯಾವ ವಿನಾಯಿತಿಯೂ ಸಲ್ಲದೆಂದು ಸಾರಿದ್ದು ಭಾರತದ ಸರ್ವೋಚ್ಚ ನ್ಯಾಯಾಲಯ. ದಿಲ್ಲಿಯ ಶ್ರೀರಾಮ್ ಕಾರ್ಖಾನೆಯ ಓಲಿಯಂ ಅನಿಲ ಸೋರಿಕೆಯ ಪ್ರಕರಣದಲ್ಲಿ, 1986ರ ಡಿಸೆಂಬರಿನಲ್ಲಿ, ಭೋಪಾಲದ ಗಾಯ ಇನ್ನೂ ಹಸಿಯಾಗಿದ್ದಾಗ ಹೊರಬಿದ್ದ ತೀರ್ಪು ಅದು.

ಕಾರ್ಖಾನೆ 1921ರಲ್ಲಿ ಮುಚ್ಚಿತು. ಮರುವರ್ಷ ಅದರ ಗೋಡೆಗಳೂ ನೆಲಸಮವಾದವು. ಸಂಜೆ ಐದೂವರೆಗೆ, ಪೀಪಾಯಿ ಒಡೆದ ಅದೇ ಹೊತ್ತಿಗೆ, ಇಂದು ಆ ಮೂಲೆಯಲ್ಲಿ ಕಚೇರಿ ಬಿಟ್ಟ ಜನಸಾಗರ ಹರಿಯುತ್ತದೆ. ಜಾರಿದ ಪಟ್ಟಿಯನ್ನು ಕಂಡೂ ನಾಳೆ ನೋಡೋಣವೆನ್ನುವ ವಾಡಿಕೆ ಮಾತ್ರ ಯಾವ ಊರಿನಲ್ಲಿಯೂ ನೆಲಸಮವಾದಂತಿಲ್ಲ.