ಊರು ಬಿಟ್ಟ ತಂಡ

ಕ್ರಿಕೆಟ್ ಬಿಟ್ಟರೆ ಬೇರೆ ಆಟ ತಿಳಿಯದ ನನಗೆ ಫುಟ್‌ಬಾಲ್ ಬಗ್ಗೆ ಬರೆಯುವ ಅಧಿಕಾರವಿಲ್ಲ. ಆದರೂ ಸಂಪಾದಕರು ಬಿಡಲಿಲ್ಲ.

1982ರಲ್ಲಿ ನಾವು ಮೆಲ್ಬೋರ್ನಿನಲ್ಲಿದ್ದೆವು. ಪಕ್ಕದ ಮನೆಯ ಯಜಮಾನರು ಸೌತ್ ಮೆಲ್ಬೋರ್ನ್ ತಂಡದ ಪರಮಭಕ್ತರು. 1933ರಲ್ಲಿ ಆ ತಂಡ ರಿಚ್ಮಂಡನ್ನು ಸೋಲಿಸಿ ಪ್ರಶಸ್ತಿ ಗೆದ್ದದ್ದನ್ನು ಹತ್ತು ವರ್ಷದ ಹುಡುಗನಾಗಿ ಕಂಡವರು. ಸಾಲದಲ್ಲಿ ಮುಳುಗಿದ್ದ ಕ್ಲಬ್ಬು ಆ ವರ್ಷ ಹಳೆಯ ಲೇಕ್ ಓವಲ್ ಮೈದಾನ ಬಿಟ್ಟು ತನ್ನ ಪಾಲಿನ ಆಟಗಳನ್ನು ಸಿಡ್ನಿಗೆ ಒಯ್ದಿತು. ತಮಾಷೆಯೆಂದರೆ, ಆಟಗಾರರ ವಾಸ ಮಾತ್ರ ಮೆಲ್ಬೋರ್ನಿನಲ್ಲೇ. ಭಾನುವಾರದ ಆಟಕ್ಕೆ ವಿಮಾನದಲ್ಲಿ ಹೋಗಿ ಬರುವುದು!

ಯಜಮಾನರು ಸಿಟ್ಟಿನಿಂದ ತಮ್ಮ ಮನೆಯಲ್ಲಿ ಟಿ.ವಿ. ಹಾಕುತ್ತಿರಲಿಲ್ಲ. ಆದರೆ ಭಾನುವಾರ ಮಧ್ಯಾಹ್ನ ನಮ್ಮವಳ ಉಪ್ಪಿಟ್ಟಿನ ನೆಪ ಮಾಡಿಕೊಂಡು ಬಂದು, ನಮ್ಮ ಟಿ.ವಿ. ಮುಂದೆ ಕೂರುತ್ತಿದ್ದರು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದಲ್ಲಿ ಹೋದರೆ 1 ಎಂದು ನನ್ನ ಮಗನಿಗೆ ಕಲಿಸಿದವರೂ ಅವರೇ.

1983ರಲ್ಲಿ ತಂಡ ‘ಸಿಡ್ನಿ ಸ್ವಾನ್ಸ್’ ಆಗಿತ್ತು. ನನಗೂ ಸಿಡ್ನಿಗೆ ವರ್ಗವಾಯಿತು. ಹೊರಡುವ ದಿನ ಅವರು ತಮ್ಮ ಕೆಂಪು-ಬಿಳಿ ಮಫ್ಲರನ್ನು ಮಗನ ಕೊರಳಿಗೆ ಸುತ್ತಿ, “ನೀವೂ ಹೊರಟಿರಾ?” ಎಂದರು. ಮೈಸೂರು ಸ್ಟೇಷನ್ನಿನಲ್ಲಿ ಮಾತಿಲ್ಲದೆ ನಿಂತಿದ್ದ ನನ್ನ ತಂದೆಯ ನೆನಪಾಯಿತು.

2005ರ ಸೆಪ್ಟೆಂಬರಿನಲ್ಲಿ, 72 ವರ್ಷಗಳ ಮೇಲೆ, ತಂಡ ವೆಸ್ಟ್ ಕೋಸ್ಟನ್ನು 4 ಅಂಕಗಳಿಂದ ಸೋಲಿಸಿ ಮತ್ತೆ ಪ್ರಶಸ್ತಿ ಗೆದ್ದಿತು. ನಾರ್ವೆಸ್ಟಿನ ನಮ್ಮ ಮನೆಯಲ್ಲಿ ಮಗ ಪೆಟ್ಟಿಗೆಯಿಂದ ಮಫ್ಲರ್ ತೆಗೆದ. ನಾನು ಮೆಲ್ಬೋರ್ನಿಗೆ ಫೋನು ಮಾಡಿದೆ. ಯಜಮಾನರ ಮಗಳು ಎತ್ತಿಕೊಂಡರು. ಹಿಂದೆ ಟಿ.ವಿ.ಯ ಗದ್ದಲ ಕೇಳುತ್ತಿತ್ತು.

“ಅಪ್ಪ ಅಳುತ್ತಿದ್ದಾರೆ, ಸ್ವಲ್ಪ ಹೊತ್ತು ಬಿಟ್ಟು ಮಾಡಿ” ಎಂದರು.